ಫಸ್ಟ್ ಪಿಕ್ ಏಣಿ

“ಈ ವರ್ಷದ ಫಸ್ಟ್ ಪಿಕ್...” ಎಂದು ಅಣ್ಣ ಬಾಚಣಿಗೆಯನ್ನು ಮೈಕಿನಂತೆ ಹಿಡಿದು ಸುಮ್ಮನಾದ. ಟಿವಿಯಲ್ಲಿ ದೊಡ್ಡ ಬಾಸ್ಕೆಟ್‌ಬಾಲ್ ಲೀಗಿನ ಟೀಮುಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನೋಡಿದ್ದೇ ನೋಡಿದ್ದು, ಅಪ್ಪನ ಟೈ ಅವನ ಕೊರಳು ಬಿಟ್ಟಿರಲಿಲ್ಲ.

“ಬೇಗ ಹೇಳೋ, ಕತ್ತಲಾಗತ್ತೆ!” ಎಂದಳು ಅವನ ತಂಗಿ ಮೆಣಸು.

ಮೆಣಸು ಮೇಲಿನ ಬೀದಿ ಬಾಸ್ಕೆಟ್‌ಬಾಲ್ ಟೀಮಿನ ಕ್ಯಾಪ್ಟನ್. ಕಳೆದ ವರ್ಷ ಆಡಿದ್ದನ್ನೆಲ್ಲ ಸೋತಿದ್ದರಿಂದ ಹೊಸಬರಲ್ಲಿ ಮೊದಲು ಆರಿಸುವ ಹಕ್ಕು ಅವಳದು. ಟಿವಿಯ ಲೀಗಿನಲ್ಲೂ ಸೋತವರಿಗೇ ಅಂಥ ಮರ್ಯಾದೆಯಂತೆ. ಯಾರು ಬೇಕೆಂದು ಅಣ್ಣನ ಕಿವಿಯಲ್ಲಿ ಆಗಲೇ ಹೇಳಿದ್ದಳು.

“ಏಣಿ!”

ಏಣಿ ಬೀದಿಗೆ ಹೊಸಬಳು. ಐದನೇ ಕ್ಲಾಸಿಗೇ ಏಳನೇ ಕ್ಲಾಸಿನವರ ನೆತ್ತಿ ನೋಡುವಷ್ಟು ಎತ್ತರ. ಅಣ್ಣ ತುದಿಗಾಲಲ್ಲಿ ನಿಂತು ಅವಳಿಗೆ ಟೀಮಿನ ಟೋಪಿ ಹಾಕಿದ.

“ಛೇ, ಹೋಯ್ತು!” ಎಂದು ಕೆಳಗಿನ ಬೀದಿಯ ಕ್ಯಾಪ್ಟನ್ ಸೋಡಾಬುಡ್ಡಿ ಹಣೆ ಚಚ್ಚಿಕೊಂಡ. ಅವನ ಪಾಲಿಗೆ ಬಂದದ್ದು ಗಿಡ್ಡ ಹುಡುಗ ಬುಗುರಿ. ಗಿಡ್ಡ ಹೌದು, ಆದರೆ ಓಡಿದರೆ ಕಣ್ಣಿಗೇ ಸಿಗುತ್ತಿರಲಿಲ್ಲ.

ಮೊದಲ ಪ್ರಾಕ್ಟೀಸ್ ಮುಗಿಯುವುದರೊಳಗೆ ಮೆಣಸುವಿನ ಮುಖ ಸಪ್ಪಗಾಗಿತ್ತು. ಚೆಂಡು ಹತ್ತಿರ ಬಂದರೆ ಸಾಕು, ಏಣಿ ಕಣ್ಣು ಮುಚ್ಚಿ, ಎರಡು ಕೈಯಿಂದಲೂ ತಲೆ ಮುಚ್ಚಿಕೊಳ್ಳುತ್ತಿದ್ದಳು. “ಸಾರಿ ಸಾರಿ, ಇನ್ನೊಂದ್ಸಲ!” ಎಂದು ನಗುತ್ತಿದ್ದಳು ಬೇರೆ.

ಸೋಡಾಬುಡ್ಡಿ ಇದನ್ನೆಲ್ಲ ನೋಡಿರಲಿಲ್ಲ.

“ಏಣೀನ ಕೊಡ್ತೀನಿ, ಬುಗುರೀನ ಕೊಡ್ತೀಯಾ?” ಎಂದು ಮೆಣಸು ಕೇಳಿದಳು.

“ನಿಂಗೇನ್ ತಲೆ ಕೆಟ್ಟಿದ್ಯಾ? ಡನ್!” ಎಂದು ಅವನು ಕೈ ಚಾಚಿಯೇಬಿಟ್ಟ.

ಆದರೆ ಅಣ್ಣನದೊಂದು ರೂಲ್ ಇತ್ತು. ಅದಲುಬದಲು ಮಾಡುವುದಿದ್ದರೆ ಕ್ಯಾಪ್ಟನ್ನೇ ಆಟಗಾರರ ಮನೆಗೆ ಹೋಗಿ, ಮುಖ ನೋಡಿ ಹೇಳಬೇಕು.

ಏಣಿಯ ಅಮ್ಮ ಕಟಿಂಗ್ ಶಾಪ್ ನಡೆಸುತ್ತಿದ್ದರು. ಮನೆ ಅದರ ಹಿಂದೆಯೇ. ಮೆಣಸು ಬಾಗಿಲಿಗೆ ಬಂದಾಗ ಕುರ್ಚಿಯಲ್ಲಿ ಒಬ್ಬ ತಾತ ಮುಖದ ತುಂಬ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಪಾಪ, ಎದ್ದು ಹೋಗುವಂತಿರಲಿಲ್ಲ.

“ಎಲ್ಲಾರಿಗಿಂತ ಮೊದ್ಲು ನನ್ನೇ ಕರೆದ್ರು ತಾತ! ಮೈಕಲ್ಲಿ!” ಎನ್ನುತ್ತಿದ್ದಳು ಏಣಿ.

“ಆಗ್ಲೇ ಕೇಳಿದ್ನಲ್ಲಮ್ಮ,” ಎಂದಿತು ನೊರೆ.

ಅಮ್ಮ ಕತ್ತಿಯನ್ನು ಪಕ್ಕಕ್ಕೆ ಹಿಡಿದು ತಿರುಗಿದರು. “ನೀನೇನಾ ಕ್ಯಾಪ್ಟನ್ನು? ಬಾ ಮಗಳೇ. ಹಳೇ ಸ್ಕೂಲಲ್ಲಿ ಟೀಮ್ ಮಾಡುವಾಗ ಕೊನೇಲಿ ಉಳಿಯೋಳು ಇವಳೊಬ್ಬಳೇ. ‘ನೀವೇ ಇಟ್ಕೊಳ್ಳಿ’, ‘ಬೇಡಪ್ಪ, ನೀವೇ ಇಟ್ಕೊಳ್ಳಿ’ ಅಂತ ಅವರವರಲ್ಲೇ ಜಗಳ. ಈಗ ನೋಡು, ತಲೆ ಬಾಚೋಣ ಅಂದ್ರೆ ಟೋಪಿ ತೆಗೆಯೋಕೇ ಬಿಡ್ತಿಲ್ಲ!”

ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದಿದ್ದ ಮಾತನ್ನು ಅಲ್ಲೇ ಬಿಟ್ಟು ಮೆಣಸು ಆ ಟೋಪಿಯನ್ನೇ ನೋಡಿದಳು.

“ಏನ್ ಬಂದೆ?” ಎಂದಳು ಏಣಿ.

“ಏನಿಲ್ಲ... ನಾಳೆ ಬೆಳಗ್ಗೆ ಬೇಗ ಬಾ. ಮೊದ್ಲು ನಾವಿಬ್ರೇ ಆಡೋಣ.”

ಹೊರಗೆ ಸೋಡಾಬುಡ್ಡಿ ಕಾಯುತ್ತಿದ್ದ. “ಹೇಳಿದ್ಯಾ? ಅತ್ಲಾ?”

“ಇಲ್ಲ. ಅವಳು ನಮ್ಮ ಟೀಮೇ.”

“ಏಯ್, ಡನ್ ಆಗಿತ್ತು ಕಣೇ!”

“ಕೈ ಚಾಚಿದ್ದು ನೀನೊಬ್ನೇ,” ಎನ್ನುತ್ತಾ ಮೆಣಸು ನಡೆದೇಬಿಟ್ಟಳು.

ಮನೆ ಮುಂದೆ ನಿಂತು ಅವಳು ಚೆಂಡನ್ನು ಕಾಂಪೌಂಡ್ ಗೋಡೆಗೆ ಎಸೆದಳು. ಅದು ರಪ್ಪನೆ ಮುಖಕ್ಕೇ ತಿರುಗಿ ಬಂತು. ಏಣಿಯ ಕಣ್ಣಿನಂತೆ ಅವಳ ಕಣ್ಣೂ ತಾನಾಗಿ ಮುಚ್ಚಿಕೊಂಡಿತು.

ಒಂದು ಹೆಜ್ಜೆ ಮುಂದೆ ಹೋಗಿ ಮೆಲ್ಲಗೆ ಎಸೆದು ನೋಡಿದಳು. ಆಮೇಲೆ, ಇನ್ನೂ ಮೆಲ್ಲಗೆ.