ರಾಣಿಯ ಗಿಳಿಯೂ ವೇಣು ಮಾವನ ಬ್ಯಾನರೂ

"ಬಿಡಬೇಡ್ರೋ! ಗಟ್ಟಿಯಾಗಿ ಹಿಡ್ಕೊಳ್ಳಿ! ಇನ್ನೂ ಇದೆ!"

ತನ್ಮಯಿ ಕೂಗಿದ ಕೂಗಿಗೆ ಜಯನಗರದ ಕಾಗೆಗಳೆಲ್ಲ ಎದ್ದು ಬನಶಂಕರಿಗೆ ಹಾರಿಹೋದವು. ಐದನೇ ಕ್ಲಾಸಿನಲ್ಲಿ ಅವಳ ಬ್ಯಾನರ್ ಬಿಚ್ಚಿಕೊಳ್ಳುತ್ತಿತ್ತು. ಬೆಂಚುಗಳನ್ನು ನುಂಗಿತು, ಕರಿಹಲಗೆಯನ್ನು ನುಂಗಿತು, ಕಿಟಕಿಗಳನ್ನೂ ನುಂಗಿತು. ಆ ತುದಿ ಹಿಡಿದಿದ್ದ ಕೈಲಾಸ್ ಯಾವ ಊರು ಸೇರಿದನೋ, ಕಾಣಿಸಲೇ ಇಲ್ಲ.

"ಲೇ, ಇದು ಪ್ರಾಜೆಕ್ಟಾ, ಶಾಮಿಯಾನಾನಾ?" ಅವನ ದನಿ ಮಾತ್ರ ಕೇಳಿಸಿತು.

ಮೈತ್ರೇಯಿ ಮಿಸ್ ಕೊಟ್ಟಿದ್ದ ಕೆಲಸ ಇಷ್ಟೇ. ಮ್ಯೂಸಿಯಂ ವೆಬ್‌ಸೈಟಿನಲ್ಲಿ ಹಳೇ ಕಾಲದ ಒಂದು ಚಿತ್ರ ಹುಡುಕಿ, ಪ್ರಿಂಟ್ ತೆಗೆಸಿ ತರಬೇಕು. ಯಾರು ಚೆನ್ನಾಗಿ ನೋಡಿಕೊಂಡು ಬರುತ್ತಾರೋ ಅವರಿಗೆ ಶನಿವಾರದ ಪ್ರದರ್ಶನದಲ್ಲಿ ಚಿತ್ರ ತೋರಿಸುವ ಅವಕಾಶ. ಅದು ತನಗೇ ಎಂದು ತನ್ಮಯಿ ಎಲ್‌ಕೆಜಿ ಮಕ್ಕಳಿಂದ ಹಿಡಿದು ಸ್ಕೂಲ್ ಬಸ್ಸಿನ ಡ್ರೈವರ್ ತನಕ ಸಾರಿಬಿಟ್ಟಿದ್ದಳು.

ಯಾಕೆ ಸಾರಬಾರದು? ಅವಳ ವೇಣು ಮಾವನಿಗೆ ತಿಲಕ್ ನಗರದಲ್ಲಿ ಬ್ಯಾನರ್ ಅಂಗಡಿ ಇತ್ತು. ಮಾವ ಬರ್ತ್‌ಡೇ ಬ್ಯಾನರ್ ಮಾಡಿಕೊಡದಿದ್ದರೆ ಆ ಏರಿಯಾದಲ್ಲಿ ಯಾರಿಗೂ ಒಂದು ವರ್ಷ ಹೆಚ್ಚಾಗುತ್ತಲೇ ಇರಲಿಲ್ಲ!

ತನ್ಮಯಿ ಅಮ್ಮನ ಮೊಬೈಲಿನಲ್ಲಿ ಹುಡುಕಿದಾಗ ಉಗುರಿನಷ್ಟು ಚಿತ್ರಗಳು ಸಾಲುಸಾಲಾಗಿ ಬಂದವು. ಒಂದರಲ್ಲಿ ರಾಣಿಯೊಬ್ಬಳು ಗಿಳಿಗೆ ದಾಳಿಂಬೆ ತಿನ್ನಿಸುತ್ತಿದ್ದಳು. ಸಖತ್! ಅದನ್ನು ಒತ್ತಿ, ಒಳಗೆ ಹೋಗಿ, ಕೆಳಗೆ ಬರೆದದ್ದನ್ನು ಓದಲು ಯಾರಿಗೆ ಪುರುಸೊತ್ತು? ಉಗುರಿನಷ್ಟಿದ್ದುದನ್ನೇ ಸೇವ್ ಮಾಡಿ ಮಾವನಿಗೆ ಕಳಿಸಿ, ಫೋನ್ ಮಾಡಿದಳು.

"ಎಷ್ಟು ದೊಡ್ಡದು ಬೇಕು ಪುಟ್ಟಿ?"

"ನಿಮ್ಮ ಮಿಷನ್ನಲ್ಲಿ ಎಷ್ಟಾಗತ್ತೋ ಅಷ್ಟು!"

ಈಗ ಬ್ಯಾನರ್ ಪೂರ್ತಿ ಬಿಚ್ಚಿಕೊಂಡಿತು. ಕ್ಲಾಸಿಗೆ ಕ್ಲಾಸೇ ಬಾಯಿ ತೆರೆದು ನಿಂತಿತು.

ರಾಣಿಯ ಮೂಗು ಇಟ್ಟಿಗೆ ಜೋಡಿಸಿದ ಹಾಗಿತ್ತು. ಕಣ್ಣು ಒಂದು ಕಪ್ಪು ಡಬ್ಬ. ಅವಳ ಕಾಲ ಬಳಿ ದುಂಡು ದುಂಡು ಫೋಟೊಗಳು: ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಕಿವಿಗೆ ಮೊಬೈಲ್ ಹಿಡಿದ ವೇಣು ಮಾವ, ಮಾವನ ಅಕ್ಕಪಕ್ಕ ಅವನ ಗೆಳೆಯರು. ಕೆಳಗೆ ಕುಂಬಳಕಾಯಿ ಗಾತ್ರದ ಅಕ್ಷರಗಳಲ್ಲಿ, 'ಶುಭ ಕೋರುವವರು: ವೇಣು ಮತ್ತು ಗೆಳೆಯರ ಬಳಗ, ತಿಲಕ್ ನಗರ.'

ಶುಭ ಕೋರುವವರಿಲ್ಲದ ಬ್ಯಾನರನ್ನು ಮಾವ ಹುಟ್ಟಿದಾಗಿನಿಂದ ಮಾಡಿರಲಿಲ್ಲ.

"ರಾಣಿಗೆ ಇವತ್ತು ಬರ್ತ್‌ಡೇನಾ?" ಸಿರಿ ಕೇಳಿದಳು.

ಎದ್ದ ನಗುವಿಗೆ ಹುಳಿಮಾವು ಕೆರೆಯ ಮೀನುಗಳೂ ಬೆಚ್ಚಿಬಿದ್ದಿರಬೇಕು. ಮಿಸ್ ತುಟಿ ಕಚ್ಚಿಕೊಂಡು ಕೇಳಿದರು, "ಗಿಳಿ ಎಲ್ಲಿ ತನ್ಮಯಿ?"

ತನ್ಮಯಿ ಹಸಿರು ಚೌಕಗಳ ರಾಶಿಯೊಂದನ್ನು ತೋರಿಸಿದಳು.

"ಮಿಸ್, ಅದು ಕ್ಯಾಪ್ಸಿಕಂ!"

"ಅಲ್ಲ ಮಿಸ್, ಎಲೆಕೋಸು!"

"ಸುಮ್ನಿರ್ರೋ. ನಿಜವಾದ ಚಿತ್ರ ಎಷ್ಟು ದೊಡ್ಡದಿದೆ, ತನ್ಮಯಿ?"

"ಇದಕ್ಕಿಂತ ದೊಡ್ಡದು ಮಿಸ್! ಅರಮನೆ ಗೋಡೆಯಷ್ಟು!" ಅವಳಿಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

ಮಿಸ್ ಲ್ಯಾಪ್‌ಟಾಪಿನಲ್ಲಿ ಮ್ಯೂಸಿಯಂನ ಪುಟ ತೆರೆದರು. "ಚಿತ್ರದ ಕೆಳಗೇನಿದೆ, ಓದು."

"ಎತ್ತರ ಹನ್ನೊಂದು ಸೆಂಟಿಮೀಟರ್. ಅಗಲ... ಏಳು." ಅವಳ ದನಿ ಇರುವೆಯ ದನಿಗಿಂತ ಸಣ್ಣಗಾಯಿತು. ಅಂಗೈ ಚಾಚಿ, ಅದರ ಮೇಲೆ ಸ್ಕೇಲ್ ಇಟ್ಟು ನೋಡಿದಳು. ರಾಣಿ, ಗಿಳಿ, ದಾಳಿಂಬೆ ಎಲ್ಲ ಸೇರಿ ಅವಳ ಕೈಯಲ್ಲೇ ಹಿಡಿಸುತ್ತಿದ್ದವು!

"ಸ್ಕ್ರೀನ್ ಮೇಲೆ ಎಲ್ಲಾ ಒಂದೇ ಸೈಜ್ ಕಾಣತ್ತೆ. ಇದು ಗೋಡೆಗೆ ಅಲ್ಲ ಪುಟ್ಟಿ, ಕೈಯಲ್ಲಿ ಹಿಡ್ಕೊಂಡು ನೋಡೋಕೆ ಮಾಡಿದ್ದು," ಎಂದು ಮಿಸ್ ಚಿತ್ರವನ್ನು ಹಿಗ್ಗಿಸುತ್ತಾ ಹೋದರು. ಈ ಸಲ ಇಟ್ಟಿಗೆಗಳು ಬರಲಿಲ್ಲ. ಗಿಳಿಯ ಒಂದೊಂದು ಗರಿಯೂ ಬಂತು. ಕೊಕ್ಕು ಬಂತು. ಕೊಕ್ಕಿನಲ್ಲಿ ಒಂದು ದಾಳಿಂಬೆ ಕಾಳು, ಕಾಳಿನ ಮೇಲೆ ಬೆಳಕು ಬಿದ್ದಂತೆ ಒಂದು ಬಿಳಿ ಚುಕ್ಕೆ.

"ಅಯ್ಯೋ!" ಎಂದಳು ತನ್ಮಯಿ. ತನ್ನ ಬ್ಯಾನರಿನ ಕಡೆ ತಿರುಗಿ ನೋಡಿ ಕೇಳಿದಳು, "ಮಿಸ್, ಶನಿವಾರ ನನಗೆ ಇಲ್ವಾ?"

"ಮೊದಲು ನೋಡ್ಕೊಂಡು ಬಾ. ಆಮೇಲೆ ಹೇಳ್ತೀನಿ."

ನೋಡಿದಳು ನೋಡಿ! ಅಮ್ಮನ ಮೊಬೈಲ್ ಕಾವಲಿಯ ಹಾಗೆ ಕಾದುಹೋಗುವ ತನಕ ನೋಡಿದಳು. ಮರುದಿನ ಮಿಸ್ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಶನಿವಾರವನ್ನು ಗೆದ್ದುಕೊಂಡಳು.

ಪ್ರದರ್ಶನದಲ್ಲಿ ಅವಳ ಮೇಜಿನ ಮೇಲೆ ಇದ್ದದ್ದು ಹನ್ನೊಂದು ಸೆಂಟಿಮೀಟರಿನ ಒಂದು ಪ್ರಿಂಟ್, ಒಂದು ಭೂತಗನ್ನಡಿ. ಸಿರಿಯ ತಾತ ಏಕಾಂತಯ್ಯನವರು ಬಂದರು.

"ಇದೇನಮ್ಮಾ, ಇಷ್ಟೇ ಇಷ್ಟು?"

"ಕೈಯಲ್ಲಿ ಹಿಡ್ಕೊಂಡು ನೋಡಿ ತಾತ."

ತಾತ ಚಿತ್ರ ಕೈಗೆತ್ತಿಕೊಂಡು, ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು. ಗರಿ, ಕೊಕ್ಕು, ಕಾಳು! ಮಾತುಗಳೆಲ್ಲ ತನ್ಮಯಿಯ ನಾಲಿಗೆ ತುದಿಗೆ ಬಂದು ನೂಕಾಡಿದವು. ಬಾಯಿ ಬಿಗಿಹಿಡಿದು ನಿಂತಳು.

ಭೂತಗನ್ನಡಿ ನಿಧಾನವಾಗಿ ಗಿಳಿಯ ಮೇಲೆ ಬಂದು ನಿಂತಿತು. ತಾತನ ಮುಖ ಅರಳಿತು.

"ಅರೆ! ಕಾಳಿನ ಮೇಲೆ ಒಂದು ಬಿಳಿ ಚುಕ್ಕೆ ಇದೆ ಕಣಮ್ಮಾ! ನೀನು ನೋಡಿದ್ಯಾ?"

ತನ್ಮಯಿ ಅವರ ಪಕ್ಕಕ್ಕೆ ಬಂದು ಬಗ್ಗಿದಳು.

"ಹೌದಾ ತಾತ? ಎಲ್ಲಿ? ತೋರಿಸಿ."