ಗೌಂಡಿ ಸಂಕವ್ವ ಮತ್ತು ಹಿಮದ ಗೂಳಿ

ಬಿಸಿಲು ಇನ್ನೂ ಮನುಷ್ಯರ ಮಾತು ಕೇಳುತ್ತಿದ್ದ ಕಾಲದಲ್ಲಿ ಸುಣ್ಣಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಸನಿಗೆ ಬುದ್ಧಿ ಕಡಿಮೆ, ಹೊಳಪಿನ ಹುಚ್ಚು ಜಾಸ್ತಿ. ಶೀತಕೇತು ಎಂಬ ಮಾಂತ್ರಿಕ ಬಂದು ಗಾಜಿನ ಅರಮನೆ ಕಟ್ಟಿಸು ಎಂದ, ಅರಸ ಕಟ್ಟಿಸಿದ. ಅರಸನನ್ನು ನೋಡಿ ಊರವರೂ ಕಿಟಕಿಗಳ ಮೇಲೆ ನೆರಳು ಚಾಚಿದ್ದ ಕಲ್ಲಿನ ಸಜ್ಜಾಗಳನ್ನು ಹಳೇ ಕಾಲದ್ದೆಂದು ಒಡೆಸಿ ಹಾಕಿದರು. ಬೇಸಿಗೆ ಬಂತು. ಮನೆಗಳೆಲ್ಲ ಒಲೆಗಳಾದವು.

ಆಗ ಮಾಂತ್ರಿಕ ಹಿಮದ ಗೂಳಿಯನ್ನು ತಂದು ಗವಿಯಲ್ಲಿ ಕಟ್ಟಿದ. ಅದು ಉಸಿರು ಬಿಟ್ಟರೆ ಊರೆಲ್ಲ ತಂಪು. ಆದರೆ ಅದು ಉಸಿರಾಡಬೇಕಾದರೆ ಮನೆಗೊಬ್ಬರು ಹೋಗಿ ಗವಿಯೊಳಗಿನ ಗಾಣ ತಿರುಗಿಸಬೇಕು. ಹೋದವರು ಯಾರೂ ಹಿಂದಿರುಗಲಿಲ್ಲ.

ಒಂದು ದಿನ ಗೌಂಡಿ ಸಂಕವ್ವನ ಅಣ್ಣ ಬರಮಣ್ಣನನ್ನು ಎಳೆದೊಯ್ದರು. ಗೋಡೆ ಕಟ್ಟುತ್ತಿದ್ದ ಸಂಕವ್ವ ಕರಣೆ ಹಿಡಿದೇ ಅರಮನೆಗೆ ನಡೆದಳು.

"ನಿನ್ನ ಗೂಳಿ ನಮಗ ಬ್ಯಾಡ. ನಮ್ಮಣ್ಣನ್ನ ಬಿಡು," ಎಂದಳು ಮಾಂತ್ರಿಕನಿಗೆ.

ಮಾಂತ್ರಿಕ ನಕ್ಕ. "ಮೂರು ಪಂಥ ಗೆದ್ದರೆ ಎಲ್ಲರನ್ನೂ ಬಿಡುತ್ತೇನೆ. ಸೋತರೆ ನೀನೂ ಗಾಣಕ್ಕೆ."

"ಆಗಲಿ. ನಿನಗ ಹೆದರೋಳು ನಾನಲ್ಲ."

ಮೊದಲ ಪಂಥ: ಕಡುಬೇಸಿಗೆಯಲ್ಲಿ ಅವಳ ಮನೆಯೊಳಗಿಟ್ಟ ಬೆಣ್ಣೆ ಸಂಜೆಯವರೆಗೆ ಕರಗಬಾರದು. ಪಾಯ ತೋಡುವ ಮೊದಲು ಕೋಲು ನೆಟ್ಟು ನೆರಳು ಅಳೆಯುವುದು ಸಂಕವ್ವನ ಮನೆತನದ ಪದ್ಧತಿ. ಬೇಸಿಗೆಯ ಸೂರ್ಯ ನೆತ್ತಿಗೇರುತ್ತಾನೆ, ಚಳಿಗಾಲದವನು ತೆಂಕಣಕ್ಕೆ ಬಾಗಿ ನಡೆಯುತ್ತಾನೆಂದು ಅವಳಿಗೆ ಗೊತ್ತು. ಮೂಡಣ ಪಡುವಣಕ್ಕೆ ಮೊಳದಪ್ಪದ ಗೋಡೆ ಎಬ್ಬಿಸಿದಳು. ತೆಂಕಣದ ಕಿಟಕಿಗೆ ನೆರಳಿನ ಅಳತೆಗೆ ಸರಿಯಾಗಿ ಸಜ್ಜಾ ಚಾಚಿದಳು. ಬಿಸಿಲು ಹೊಸ್ತಿಲಲ್ಲೇ ನಿಂತಿತು. ಬೆಣ್ಣೆ ಕರಗಲಿಲ್ಲ.

ಮಾಗಿ ಬಂತು. ಮಾಂತ್ರಿಕ ಗೂಳಿಯಿಂದ ಊರ ಮೇಲೆಲ್ಲ ಹಿಮ ಊದಿಸಿದ. ಎರಡನೆಯ ಪಂಥ: ಒಲೆ ಹೊತ್ತಿಸದೆ, ಅದೇ ಮನೆಯೊಳಗಿಟ್ಟ ಬಟ್ಟಲಿನ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಬಾರದು. ಬಾಗಿದ ಸೂರ್ಯ ಅದೇ ಸಜ್ಜಾದ ಕೆಳಗಿನಿಂದ ನುಸುಳಿ ಒಳಗೆ ಬಂದು ನೆಲ, ಗೋಡೆ ಎಲ್ಲ ಕಾಯಿಸಿದ. ಎಣ್ಣೆ ನೀರಾಗಿಯೇ ಇತ್ತು. ಪರೀಕ್ಷಿಸಲು ಬಂದ ಅರಸ ಆ ಎಳೆಬಿಸಿಲಲ್ಲಿ ಕಾಲು ಚಾಚಿ ಕೂತವನು ಏಳಲೇ ಇಲ್ಲ. ಮಹಾಶಯನಿಗೆ ನಾಚಿಕೆಯೂ ಆಗಲಿಲ್ಲ!

ಮೂರನೆಯ ಪಂಥ: ಗವಿಯ ಬಾಗಿಲಲ್ಲಿ, ಕಿಡಿ ಬೆಂಕಿಯಿಲ್ಲದೆ, ಊರಿಗೆಲ್ಲ ಅನ್ನ ಬೇಯಿಸಬೇಕು.

ಇದೊಂದು ಅವಳೊಬ್ಬಳ ಕೈಯಲ್ಲಿ ಆಗುವಂಥದ್ದಲ್ಲ. ಸಂಕವ್ವ ಬಯಲಲ್ಲಿ ನಿಂತು ಕೂಗಿದಳು: "ಸಜ್ಜಾ ಒಡೆಸಿದೋರು ನೀವ! ನಿಮ್ಮ ಮಕ್ಕಳೂ ಒಳಗ ಅದಾರ. ಮನ್ಯಾಗಿನ ಕನ್ನಡಿ ತಗೊಂಡು ಬರ್ರಿ!"

ಮೊದಲು ಹೆಂಗಸರು ಬಂದರು. ಆಮೇಲೆ ಗಂಡಸರು ತಿಕ್ಕಿದ ಹಿತ್ತಾಳೆ ತಟ್ಟೆ ಹಿಡಿದು ಬಂದರು. ನೂರಾರು ಬಿಸಿಲುಕೋಲುಗಳು ಒಂದೇ ಹಂಡೆಯ ಮೇಲೆ ಬಿದ್ದವು. ಅನ್ನ ಕೊತಕೊತ ಕುದಿಯಿತು.

ಮಾಂತ್ರಿಕ ಮಾತಿಗೆ ತಪ್ಪಿದ. "ತುಳಿದುಹಾಕು ಇವರನ್ನು!" ಎಂದು ಗೂಳಿಯ ಹಗ್ಗ ಬಿಚ್ಚಿದ.

ಜನ ಓಡಲು ನೋಡಿದರು. ಸಂಕವ್ವ ಕದಲಲಿಲ್ಲ. "ಓಡಬ್ಯಾಡ್ರಿ! ಕನ್ನಡಿ ಅದರ ಕಡೆ ತಿರುಗಿಸ್ರಿ!"

ತಿರುಗಿಸಿದರು. ಗೂಳಿಯ ಕೊಂಬು ಕರಗಿತು, ಹೆಗಲು ಕರಗಿತು, ಕೊನೆಗೆ ಇಡೀ ಗೂಳಿಯೇ ಹಳ್ಳವಾಗಿ ಹರಿದು ಮಾಂತ್ರಿಕನನ್ನು ರಾಜ್ಯದಾಚೆ ಕೊಚ್ಚಿಕೊಂಡು ಹೋಯಿತು.

ಗವಿಯಿಂದ ಜನ ಹೊರಬಂದರು. ಬರಮಣ್ಣನ ಕೂದಲು ಬೆಳ್ಳಗಾಗಿತ್ತು. ಸಂಕವ್ವ ಅವನನ್ನು ತಬ್ಬಿ ಗಳಗಳ ಅತ್ತಳು, ಆಮೇಲೆ ಅನ್ನ ಬಡಿಸಿದಳು.

ಅರಸ ಮೆಲ್ಲಗೆ ಹತ್ತಿರ ಬಂದ. "ಸಂಕವ್ವಾ, ನಮ್ಮ ಅರಮನೆಗೂ ಒಂದು ಸಜ್ಜಾ..."

"ಕಟ್ಟೋಣ, ಮಹಾರಾಜರೆ. ಗಾರೆ ಹೊರೋರು ಒಬ್ಬರು ಕಡಿಮಿ ಅದಾರ. ಕಿರೀಟ ತಗದು ಇಡ್ರಿ, ತಲಿಮ್ಯಾಲ ಬುಟ್ಟಿ ಕುಂದರಂಗಿಲ್ಲ."

ಅರಸ ಕಿರೀಟ ತೆಗೆದಿಟ್ಟು ಗಾರೆ ಹೊತ್ತ. ಸುಣ್ಣಗಿರಿಯವರೆಲ್ಲ ಮತ್ತೆ ಸಜ್ಜಾ ಕಟ್ಟಿಕೊಂಡು, ಬೇಸಿಗೆಯಲ್ಲಿ ತಂಪಾಗಿ, ಮಾಗಿಯಲ್ಲಿ ಬೆಚ್ಚಗೆ, ಯಾರ ಗಾಣವನ್ನೂ ತಿರುಗಿಸದೆ ಸುಖವಾಗಿ ಬಾಳಿದರು.