ಏಳನೇ ಚೀಟಿ

ಅವಳು ಬೀರುವಿನ ಕೆಳಗಿನ ಖಾನೆಯಿಂದ ಚಿತ್ರದ ಕಾರ್ಡುಗಳ ಕಟ್ಟನ್ನು ಎಳೆಯುತ್ತಿದ್ದಳು. ಬಾಗಿಲು ತೆರೆದ ಸದ್ದಾಯಿತು, ಯಾರೋ ಬಂದು ನಿಂತರು, ಮಾತಿಲ್ಲ. ಕಟ್ಟು ಎಲ್ಲೋ ಸಿಕ್ಕಿಹಾಕಿಕೊಂಡಿತ್ತು. ಎಳೆದಾಡಿ ಬಿಡಿಸಿಕೊಂಡು ತಿರುಗಿದಳು.

"ಅಂತೂ ಕೊನೆಗೂ ತಿರುಗಿದ್ರಲ್ಲ," ಎಂದ ಅವನು.

ಅವಳಿಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಒಂದು ನಿಮಿಷ ತಾಳ್ಮೆಯಿಲ್ಲದವರು ಮೂರು ವಾರ ನನ್ನ ಜೊತೆ ಹೇಗೆ ಏಗುತ್ತೀರಿ ಎಂದು ಕೇಳಿಯೇಬಿಟ್ಟಳು. ಅವನು ನಗಲಿಲ್ಲ. ಮುಖ ಬಿಳಿಚಿಕೊಂಡಿತ್ತು. "ಒಂದು ನಿಮಿಷ ಅಲ್ಲ ಮೇಡಂ, ಎರಡು ವರ್ಷ," ಎಂದು ಕುರ್ಚಿ ಹಿಡಿದು ಕೂತ.

ಅವಳು ಆ ಆಸ್ಪತ್ರೆಯ ಮಾತಿನ ಥೆರಪಿಸ್ಟ್. ಮಿದುಳಿನ ವಿಭಾಗದಲ್ಲಿ ಎಲ್ಲರ ಬಾಯಲ್ಲೂ 'ಕಾರ್ಡ್ ಮೇಡಂ'. ಕೆಲವು ಆಪರೇಷನ್‌ಗಳನ್ನು ರೋಗಿ ಎಚ್ಚರವಿರುವಾಗಲೇ ಮಾಡುತ್ತಾರೆ. ಮಿದುಳಿಗೆ ತನ್ನ ನೋವು ತನಗೆ ಗೊತ್ತಾಗುವುದಿಲ್ಲ. ಆದರೆ ಮಾತು ಅದರ ಯಾವ ಮೂಲೆಯಲ್ಲಿ ಅಡಗಿದೆ ಎಂಬುದು ನೋಡುವವರ ಕಣ್ಣಿಗೂ ತಿಳಿಯುವುದಿಲ್ಲ. ಅದಕ್ಕೇ ಸರ್ಜನ್ ಒಂದು ಸಣ್ಣ ಕಡ್ಡಿಯಿಂದ ಒಂದೊಂದು ಜಾಗಕ್ಕೂ ಕೊಂಚ ಕರೆಂಟ್ ಮುಟ್ಟಿಸುತ್ತಾರೆ, ಇವಳು ಹೊದಿಕೆಯ ಈಚೆ ರೋಗಿಯ ಮುಖಕ್ಕೆ ಮುಖ ಕೊಟ್ಟು ಕಾರ್ಡು ತೋರಿಸುತ್ತಾಳೆ. ಅವರು 'ಇದು ಕೊಡೆ', 'ಇದು ಏಣಿ' ಎನ್ನುತ್ತಾ ಹೋಗಬೇಕು. ಎಲ್ಲಿ ಮಾತು ನಿಂತಿತೋ ಅಲ್ಲಿ ನಂಬರು ಬರೆದ ಪುಟ್ಟ ಚೀಟಿ ಇಡುತ್ತಾರೆ. ಚೀಟಿ ಬಿದ್ದ ಜಾಗವನ್ನು ಮುಟ್ಟುವಂತಿಲ್ಲ, ಉಳಿದದ್ದನ್ನು ತೆಗೆಯಬಹುದು. ಮಾತು ನಿಂತಿತೋ ಇಲ್ಲವೋ ಎಂದು ಹೇಳುವವಳು ಇವಳೊಬ್ಬಳೇ.

ಅವನು ಲಿಫ್ಟ್ ಮೆಕ್ಯಾನಿಕ್. ಎಡಕಿವಿಯ ಮೇಲ್ಭಾಗದಲ್ಲಿ, ಮಾತಿನ ಜಾಗಕ್ಕೆ ಒತ್ತಿಕೊಂಡು, ಒಂದು ಸಣ್ಣ ಗಡ್ಡೆ. ಅದರಿಂದ ಎರಡು ವರ್ಷದಿಂದ ಫಿಟ್ಸ್. ಬರುವ ಮುಂಚೆ ಪ್ರತಿ ಸಲವೂ, ಬಾಗಿಲಲ್ಲಿ ನಿಂತು ನೋಡಿದಂತೆ, ಒಂದೇ ಕೋಣೆ ಕಾಣುತ್ತದಂತೆ: ನೀಲಿ ಮೇಜು, ಬೋರಲು ಹಾಕಿದ ಗಾಜಿನ ಲೋಟ, ಬೆನ್ನು ಮಾಡಿ ಕೂತ ಒಬ್ಬ ಹೆಂಗಸು. ಅವಳು ಇನ್ನೇನು ತಿರುಗಬೇಕು, ಅಷ್ಟರಲ್ಲಿ ಕಣ್ಣು ಕತ್ತಲೆ. ಮುಖ ಕಂಡಿಲ್ಲ, ಆದರೂ ತನಗೆ ತುಂಬ ಬೇಕಾದವಳು ಎಂದು ಗೊತ್ತು. ಬೀರುವಿನ ಮುಂದೆ ಈ ಬೆನ್ನು ಕಂಡಾಗ ಅವನಿಗೆ ಅದೇ ಬೆನ್ನು ಎನ್ನಿಸಿತಂತೆ.

ಅವಳು ಸರ್ಜನ್‌ಗೆ ಇದನ್ನು ಹೇಳಿದಾಗ ಆಕೆ ಚಹಾದ ಕಪ್ಪು ಕೆಳಗಿಟ್ಟು ನಕ್ಕರು. ಆ ಜಾಗದ ಗಡ್ಡೆಗೆ ಅದೇ ಕೆಲಸ, ಕಾಣದ್ದನ್ನೂ ಕಂಡಿದ್ದೆ ಅನ್ನಿಸುತ್ತದೆ, ನಾಳೆ ನನ್ನನ್ನೇ ಹಿಂದಿನ ಜನ್ಮದ ಅತ್ತೆ ಅಂದರೂ ಆಶ್ಚರ್ಯವಿಲ್ಲ ಎಂದರು. ಗಡ್ಡೆ ಹೋದರೆ ಆ ಕೋಣೆಯೂ ಹೋಗುತ್ತದೆ ಎಂದೂ ಹೇಳಿದರು.

ಮಂಗಳವಾರ, ಶುಕ್ರವಾರ ಅವನು ಬರುತ್ತಿದ್ದ. ಎಂಬತ್ತು ಕಾರ್ಡು, ಮೂರು ಸಲವೂ ತಡವರಿಸದೆ ಹೆಸರು ಹೇಳಿದವು ಮಾತ್ರ ಆಪರೇಷನ್ ಕೋಣೆಗೆ. ಏಣಿ ತೋರಿಸಿದರೆ, ಲಿಫ್ಟ್ ಕೈಕೊಟ್ಟಾಗ ನಮ್ಮ ಮಾನ ಕಾಯುವುದು ಇದೇ ಎನ್ನುವನು. ಹೆಸರು ಹೇಳಿ ಸಾಕು, ಹರಿಕಥೆ ಬೇಡ ಎಂದು ಅವಳು ಗದರುವಳು. ಒಂದು ದಿನ ಬಾಚಣಿಗೆಯ ಕಾರ್ಡು ಬಂತು. "ಇದು ಬಾಚಣಿಗೆ. ಮೇಡಂಗೆ ಇವತ್ತು ಬೆಳಿಗ್ಗೆ ಸಿಕ್ಕಿಲ್ಲ," ಎಂದ. ಅವಳ ಕೈ ತಾನಾಗಿ ತಲೆಗೆ ಹೋಯಿತು. ಅವನ ಕಣ್ಣು ಆ ಕೈಯ ಹಿಂದೆಯೇ ಹೋಗಿ, ಕಿವಿಯ ಬಳಿ ನಿಂತು, ಸಿಕ್ಕಿಬಿದ್ದಂತಾಗಿ ಕೆಳಗಿಳಿಯಿತು. ಅವಳು ಬೇಗಬೇಗ ಮುಂದಿನ ಕಾರ್ಡು ಎತ್ತಿದಳು.

ಮೂವತ್ತನಾಲ್ಕು ವರ್ಷದಲ್ಲಿ ಅವಳು ತಿರುಗಿ ನೋಡಲಿ ಎಂದು ಕಾದವರು ಯಾರೂ ಇರಲಿಲ್ಲ. ಈ ಮನುಷ್ಯ ಎರಡು ವರ್ಷ ಕಾದಿದ್ದ. ಕಾಯಿಸಿದ್ದು ಒಂದು ಗಡ್ಡೆ ಎಂದು ಗೊತ್ತಿದ್ದೂ ಅವಳಿಗೆ ಮಂಗಳವಾರ ಬಂತೆಂದರೆ ಬೇಗ ಎಚ್ಚರವಾಗುತ್ತಿತ್ತು. ಪ್ರೀತಿಸಿಬಿಟ್ಟಿದ್ದಳು, ಇನ್ನೇನು ಹೇಳುವುದು.

ಅವನ ಅಕ್ಕನೂ ಜೊತೆಗೆ ಬರುತ್ತಿದ್ದಳು. ಬಾಯಿ ಜೋರು, ಕರುಳು ಅದಕ್ಕಿಂತ ಜೋರು. ಈಗೀಗ ಕೂದಲೆಳೆಯಂಥ ಲೇಸರ್ ಒಳಗಿಳಿಸಿ ಗಡ್ಡೆ ಸುಡುತ್ತಾರಂತೆ, ಹಾಗೆ ಮಾಡಬಾರದೇ ಎಂದು ಸರ್ಜನ್‌ರನ್ನು ಪೀಡಿಸಿದ್ದಳು. ಮಾತಿಗೆ ಇಷ್ಟು ಹತ್ತಿರ ಇದ್ದರೆ ಕೇಳಿ ಕೇಳಿ ತೆಗೆಯಬೇಕು, ಲೇಸರ್‌ಗೆ ಪ್ರಶ್ನೆ ಕೇಳಲು ಬರುವುದಿಲ್ಲ ಎಂದಿದ್ದರು ಅವರು. ತಮ್ಮನ ಒಂದೊಂದು ಫಿಟ್ಸನ್ನೂ ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಅದನ್ನು ಕಾರ್ಡ್ ಮೇಡಂ ಕೈಗೆ ಕೊಟ್ಟು ಮೊದಲ ಪುಟ ತೋರಿಸಿದಳು. ತಾರೀಕು ಎರಡು ವರ್ಷ ಹಳೆಯದು. ನೀಲಿ ಮೇಜು, ಲೋಟ, ಬೆನ್ನು. ಅದರ ಕೆಳಗೆ, ಮೇಜಿನ ಬಲಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯಿಂದ ಸುಟ್ಟ ಕಲೆ.

ಕಾರ್ಡ್ ಮೇಡಂ ಮನೆಯಲ್ಲೂ ಒಂದು ನೀಲಿ ಮೇಜು ಇತ್ತು. ಬಾಡಿಗೆ ಮನೆಗೆ ಬಂದಾಗ, ಮೂರು ತಿಂಗಳ ಹಿಂದೆಯಷ್ಟೇ ಕೊಂಡದ್ದು. ಆ ಸಂಜೆ ಹೋಗಿ ದೀಪ ಹಾಕಿ ಬಲಮೂಲೆಯನ್ನು ಕೈಯಿಂದ ಸವರಿದಳು. ಕಲೆ ಇರಲಿಲ್ಲ. ಸದ್ಯ ಬದುಕಿದೆ ಎನ್ನಿಸಿತು, ಅದರ ಬೆನ್ನಿಗೇ ನಿರಾಸೆಯೂ ಆಯಿತು.

ಹತ್ತು ದಿನದ ಮೇಲೆ, ಬೆಳಿಗ್ಗೆ, ಅದೇ ಮೇಜಿನ ಮೇಲೆ ಬಟ್ಟೆ ಹಾಸಿ ಇಸ್ತ್ರಿ ಮಾಡುತ್ತಿದ್ದಾಗ ಫೋನ್ ಬಂತು. ಅಕ್ಕ ಅಳುತ್ತಿದ್ದಳು. ಜೊತೆಯವರಿಗೆ ಕೆಲಸ ತೋರಿಸಿಕೊಡುತ್ತೇನೆಂದು ಹೋಗಿದ್ದ ತಮ್ಮ, ಐದನೇ ಮಹಡಿಯಲ್ಲಿ ಫಿಟ್ಸ್ ಬಂದು ಬಿದ್ದಿದ್ದ. ಲಿಫ್ಟಿನ ಬಾಗಿಲು ತೆರೆದಿತ್ತು, ಒಳಗೆ ಲಿಫ್ಟ್ ಇರಲಿಲ್ಲ. ಒಂದು ಹೆಜ್ಜೆ ಮುಂದಿದ್ದರೆ ಹೆಣವೇ ಸಿಗುತ್ತಿತ್ತು, ಆಪರೇಷನ್ ಆದಷ್ಟು ಬೇಗ ಮಾಡಿಸಿ ಎಂದು ಬೇಡಿಕೊಂಡಳು. ಅವಳನ್ನು ಸಮಾಧಾನ ಮಾಡಿ ಫೋನ್ ಇಟ್ಟಾಗ ಸುಟ್ಟ ವಾಸನೆ. ಇಸ್ತ್ರಿಪೆಟ್ಟಿಗೆ ಬಟ್ಟೆಯಿಂದ ಜಾರಿತ್ತು. ಎತ್ತಿದಳು. ಬಲಮೂಲೆ.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಕಲೆಯ ಮೇಲೆ ಬಟ್ಟೆ ಹೊದಿಸಿ, ಮನೆಯಲ್ಲಿದ್ದ ಒಂದೇ ಗಾಜಿನ ಲೋಟವನ್ನು ಅಡುಗೆಮನೆಯ ಮೇಲಿನ ಹಲಗೆಗೆ ಸೇರಿಸಿದಳು. ಎರಡು ದಿನದ ಮೇಲೆ ಕೆಲಸದಿಂದ ಬಂದು ನೋಡಿದರೆ ಲೋಟ ಮೇಜಿನ ಮೇಲೆ ಬೋರಲು ಬಿದ್ದಿತ್ತು. ತಾನೇ ನೀರು ಕುಡಿದು ತೊಳೆದಿಟ್ಟಿರಬೇಕು. ಹಾಗೆಂದುಕೊಂಡಳು, ಆದರೆ ಇಟ್ಟದ್ದು ನೆನಪಿಗೆ ಬರಲಿಲ್ಲ.

ಇದನ್ನು ಯಾರಿಗೂ ಹೇಳಲಿಲ್ಲ. ಕೊನೆಯ ಶುಕ್ರವಾರ ಅವನೇ ವಿಷಯ ತೆಗೆದ. ಆಪರೇಷನ್ ಆದ ಮೇಲೆ ನೀವು ನನಗೆ ಗೊತ್ತಿದ್ದೀರಿ ಅನ್ನಿಸದೇ ಹೋದರೆ ಏನು ಮಾಡುವುದು ಎಂದು ಕೇಳಿದ. ಒಳ್ಳೆಯದೇ ಆಯಿತು, ಕಾರ್ಡು ತೋರಿಸಿದವಳು ಅಂತ ನೆನಪಿದ್ದರೆ ಸಾಕು ಎಂದಳು. ಕಾರ್ಡುಗಳನ್ನು ಜೋಡಿಸಿ ಕಟ್ಟತೊಡಗಿದಳು.

"ನನಗೆ ಸಾಲಲ್ಲ," ಎಂದ ಅವನು.

ಆಪರೇಷನ್ ಕೋಣೆಯಲ್ಲಿ ನೀಲಿ ಹೊದಿಕೆಯನ್ನು ಗುಡಾರದ ಹಾಗೆ ಎತ್ತಿಕಟ್ಟಿದ್ದರು. ಒಳಗೆ ಅವನ ಮುಖ, ಇವಳ ಮುಖ, ನಡುವೆ ಒಂದು ಮೊಳ ಜಾಗ. ಆಚೆ ಅವನ ತೆರೆದ ತಲೆ, ಸರ್ಜನ್, ಪರದೆಯ ಮೇಲೆ ಮಿದುಳಿನ ನಕಾಶೆ. ಅವನು ಪಕ್ಕಕ್ಕೆ ಮಲಗಿದ್ದ. ತಲೆಯನ್ನು ಬಿಗಿದಿದ್ದರಿಂದ ಆಡುತ್ತಿದ್ದದ್ದು ಕಣ್ಣು, ತುಟಿ ಮಾತ್ರ. ಹೆದರಿಕೆಯೇ ಎಂದು ಕೇಳಿದಳು. ಲಿಫ್ಟಿನ ಗುಂಡಿಗಿಂತ ಇದು ವಾಸಿ, ಇಲ್ಲಿ ಲೈಟಿದೆ ಎಂದ.

ಇದು ಕೊಡೆ. ಇದು ಗಡಿಯಾರ. ಇದು... ತುಟಿ ತೆರೆದೇ ಉಳಿಯಿತು. "ನಿಂತಿತು," ಎಂದಳು ಅವಳು. ಮೊದಲ ಚೀಟಿ ಬಿತ್ತು. ಹೀಗೆ ಒಂದು ಗಂಟೆಯಲ್ಲಿ ಆರು ಚೀಟಿ. ಈಗ ಗಡ್ಡೆಗೆ ತಾಗಿದ ಅಂಚು, ಎಂದರು ಸರ್ಜನ್. ಫಿಟ್ಸ್ ಏಳುತ್ತಿದ್ದದ್ದು ಅಲ್ಲಿಂದಲೇ.

ಅವಳು ಕಾರ್ಡು ಎತ್ತಿದಳು. ಕಡ್ಡಿ ಮುಟ್ಟಿತು.

"ಇದು ಬಾಚಣಿಗೆ," ಎಂದ ಅವನು, ಮೆಲ್ಲಗೆ, ಆದರೆ ಸ್ಪಷ್ಟವಾಗಿ. ಆಮೇಲೆ ಅವನ ಕಣ್ಣು ಕಾರ್ಡನ್ನು ದಾಟಿ ಅವಳ ಹಿಂದೆಲ್ಲೋ ನೆಟ್ಟಿತು. "ನಾನು ಬಾಗಿಲಲ್ಲಿ ನಿಂತಿಲ್ಲ. ಹಾಸಿಗೆ ಮೇಲೆ ಮಲಗಿದೀನಿ. ಎದ್ದೇಳೋಕಾಗಲ್ಲ, ವಯಸ್ಸಾಗಿದೆ. ಅವಳು ಔಷಧಿ ಬೆರೆಸ್ತಿದಾಳೆ. ತಿರುಗಿದಳು." ಅವನ ಕಣ್ಣಂಚಿನಿಂದ ನೀರು ಮೂಗಿನ ಮೇಲೆ ಹರಿಯಿತು. "ನೀವೇ. ತಲೆ ಎಲ್ಲ ಬೆಳ್ಳಗಾಗಿದೆ."

ಯಂತ್ರಗಳ ಸದ್ದಿನಲ್ಲಿ ಅವನ ಮೆಲುದನಿ ಗುಡಾರದ ಆಚೆಗೆ ಅರೆಬರೆಯಷ್ಟೇ ಕೇಳಿತ್ತು. ಸರ್ಜನ್ ಕೇಳಿದರು: ಮಾತು?

ಮಾತು ನಿಂತಿರಲಿಲ್ಲ. ಬಾಚಣಿಗೆ ಎಂದದ್ದು ನೀರಿನಷ್ಟು ತಿಳಿಯಾಗಿತ್ತು. ಆದರೆ ಹಾಗೆಂದರೆ ಆ ಜಾಗ ಹೋಗುತ್ತದೆ, ಅದರ ಜೊತೆ ಆ ಕೋಣೆ, ಆ ಮುದುಕ, ಆ ಬಿಳಿತಲೆಯ ಹೆಂಗಸು. ನಾಳೆ ಎದ್ದು ಕೂತವನಿಗೆ ಇವಳು ಯಾರೋ.

"ನಿಂತಿತು," ಎಂದಳು.

ಏಳನೇ ಚೀಟಿ ಬಿತ್ತು.

ಅವನ ಕಣ್ಣು ಹಿಂತಿರುಗಿ ಅವಳ ಮೇಲೆ ನಿಂತಿತು. ಎಚ್ಚರವಾಗಿದ್ದ, ಕಿವಿ ನೆಟ್ಟಗಿತ್ತು. ತಾನು ಬಾಚಣಿಗೆ ಎಂದದ್ದು ಅವನಿಗೆ ಗೊತ್ತಿತ್ತು, ಚೀಟಿ ಬಿದ್ದರೆ ಫಿಟ್ಸ್ ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಅವನು ಬೈಯಲಿಲ್ಲ, ಸರ್ಜನ್‌ರನ್ನು ಕರೆಯಲೂ ಇಲ್ಲ. ಸುಮ್ಮನೆ ನೋಡಿದ. ಆ ನೋಟದಲ್ಲಿ ಅವಳಿಗೆ ಐದನೇ ಮಹಡಿಯ ತೆರೆದ ಬಾಗಿಲು ಕಂಡಿತು. ಯಾರನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ್ದಳೋ ಅವನನ್ನೇ ಆ ಸುಳ್ಳು ಕೊಲ್ಲುತ್ತಿತ್ತು. ಮುದುಕನಾಗುವವರೆಗೆ ಬದುಕಬೇಕಲ್ಲ ಮೊದಲು.

"ಡಾಕ್ಟ್ರೇ, ತಪ್ಪು ನನ್ನದು," ಎಂದಳು. ಧ್ವನಿ ಅವಳದೆಂದೇ ಅನ್ನಿಸಲಿಲ್ಲ. "ಮಾತು ನಿಂತಿಲ್ಲ. ಏಳನೇ ಚೀಟಿ ತೆಗೀರಿ."

ಸರ್ಜನ್ ಇನ್ನೆರಡು ಸಲ ಮುಟ್ಟಿಸಿ ನೋಡಿದರು. ಇದು ಏಣಿ. ಇದು ದೋಣಿ. ಎರಡು ಸಲವೂ ಅವಳು ನಿಜ ಹೇಳಿದಳು. ಆಮೇಲೆ ಸಣ್ಣಗೆ ಹೀರುವ ಸದ್ದು ಶುರುವಾಯಿತು. ಅವನು ಕಾರ್ಡುಗಳ ಹೆಸರು ಹೇಳುತ್ತಲೇ ಇದ್ದ, ಅವಳು ಎದುರು ಕೂತು ತೋರಿಸುತ್ತಲೇ ಇದ್ದಳು, ಅವನ ತಲೆಯಿಂದ ಅವಳು ಚೂರು ಚೂರಾಗಿ ಹೊರಗೆ ಹೋಗುತ್ತಿದ್ದಳು.

ಕೈ ತೊಳೆಯುವ ಜಾಗದಲ್ಲಿ ಸರ್ಜನ್ ಅವಳನ್ನು ತಡೆದರು. ಯಾಕೆ ಎಂದು ಕೇಳಲಿಲ್ಲ, ಅರೆಬರೆ ಕಿವಿಗೆ ಬಿದ್ದದ್ದೇ ಅವರಿಗೆ ಸಾಕಾಗಿತ್ತು. ಇಲ್ಲಿ ನನ್ನ ಕೈ ತಪ್ಪುವುದೂ ಒಂದೇ, ನಿನ್ನ ಬಾಯಿ ತಪ್ಪುವುದೂ ಒಂದೇ ಎಂದರು. ಆರು ತಿಂಗಳು ಅವಳು ಆಪರೇಷನ್ ಕೋಣೆಗೆ ಕಾಲಿಡುವಂತಿಲ್ಲ, ಆ ರೋಗಿಯ ಫೈಲು ಬೇರೆಯವರಿಗೆ. ಅವಳು ತಲೆಯಾಡಿಸಿದಳು. ಮಾಡಿದ್ದುಣ್ಣೋ ಮಹಾರಾಯ ಎಂದು ತನಗೆ ತಾನೇ ಹೇಳಿಕೊಂಡಳು.

ಐದನೇ ದಿನ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದಳು. ಅವನು ದಿಂಬಿಗೆ ಒರಗಿ ಕೂತಿದ್ದ. ಅವಳನ್ನು ಕಂಡು ನಮಸ್ಕಾರ ಮೇಡಂ ಎಂದ. ಬಸ್ ಸ್ಟಾಪಿನಲ್ಲಿ ಎದುರು ನಿಂತವರಿಗೆ ಹೇಳುವಷ್ಟೇ ಮರ್ಯಾದೆಯ ನಗೆ. ಅಕ್ಕ, ತಮ್ಮನಿಗೆ ಮಾತು ಸರಿಯಿದೆ, ಕೋಣೆ ಕಾಣುತ್ತಿಲ್ಲ, ನಿಮ್ಮ ಉಪಕಾರ ಸಾಯುವವರೆಗೂ ಮರೆಯಲ್ಲ ಎಂದು ಕೈ ಹಿಡಿದುಕೊಂಡಳು. ಇವಳು ನಕ್ಕು, ಮೆಟ್ಟಿಲ ಬಳಿ ಬಂದು, ಗೋಡೆಗೆ ಮುಖ ಮಾಡಿ ಅತ್ತಳು.

ನಾಲ್ಕು ತಿಂಗಳು ಕಳೆದವು. ಮೇಜಿನ ಮೇಲಿನ ಬಟ್ಟೆಯನ್ನು ಅವಳು ತೆಗೆಯಲಿಲ್ಲ. ಒಂದು ಮಧ್ಯಾಹ್ನ, ತನ್ನ ಕೋಣೆಯಲ್ಲಿ ಕೂತು ವರದಿ ಬರೆಯುತ್ತಿದ್ದಾಗ ಬಾಗಿಲ ಮೇಲೆ ಬೆರಳ ಸದ್ದಾಯಿತು. ಅವನು. ಕೂದಲು ಗಾಯವನ್ನು ಮುಚ್ಚುವಷ್ಟು ಬೆಳೆದಿತ್ತು. ಫೈಲಿಲ್ಲ, ಅಕ್ಕ ಇಲ್ಲ.

ಒಂದು ಫಿಟ್ಸೂ ಬಂದಿಲ್ಲ, ಸದ್ಯಕ್ಕೆ ನೆಲದ ಮೇಲಿನ ಕೆಲಸ ಕೊಟ್ಟಿದ್ದಾರೆ ಎಂದ. ಆಮೇಲೆ ಹೇಳಬೇಕೆಂದು ಬಂದದ್ದನ್ನು ಹೇಳಿದ. ಬಾಚಣಿಗೆ ಅಂದದ್ದು ನೆನಪಿದೆ, ನೀವು ನಿಂತಿತು ಅಂದದ್ದೂ ನೆನಪಿದೆ, ನಡುವೆ ಏನೋ ಮಾತಾಡಿದ ಹಾಗಿದೆ, ಏನೆಂಬುದು ಮಾತ್ರ ಅಳಿಸಿಹೋಗಿದೆ.

ಅವಳು ಪೆನ್ನು ಕೆಳಗಿಟ್ಟಳು. "ನಿಮ್ಮ ಜೀವಕ್ಕೆ ಅಪಾಯ ಅಂತ ಗೊತ್ತಿದ್ದೂ ಸುಳ್ಳು ಹೇಳಿದೆ. ನೀವು ನನ್ನ ಮರೀಬಾರದು ಅಂತ. ನಿಮ್ಮನ್ನ ಪ್ರೀತಿಸ್ತಿದ್ದೆ. ಈಗಲೂ ಅಷ್ಟೇ. ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ."

ಅವನು ಬಾಗಿಲಿಗೆ ಒರಗಿದ. ಎರಡು ತಿಂಗಳು ಸಿಟ್ಟಿತ್ತು ಎಂದ, ಮೂರನೇ ತಿಂಗಳು ಸಿಟ್ಟು ಮಾಡಿಕೊಳ್ಳಲು ದಿನಾ ನಿಮ್ಮನ್ನೇ ನೆನೆಯುತ್ತಿದ್ದೇನೆ ಎಂದು ಅರ್ಥವಾಯಿತು ಎಂದ.

"ಮೊದಲು ನೀವು ನನಗೆ ಗೊತ್ತಿದ್ರಿ, ನನ್ನ ಕೈಲಿರಲಿಲ್ಲ ಅದು. ಈಗ ನಿಮ್ಮ ಬಗ್ಗೆ ನನಗೇನೂ ಗೊತ್ತಿಲ್ಲ. ಆದ್ರೂ ಎರಡು ಬಸ್ಸು ಹಿಡಿದು ಬಂದಿದೀನಿ. ಇವತ್ತು ಬಂದಿರೋದು ನಾನೇ, ಗಡ್ಡೆ ಅಲ್ಲ."

ಅವಳಿಗೆ ಕಣ್ಣು ಮಂಜಾಯಿತು. ಅವನು ಹತ್ತಿರ ಬಂದು, ಆವತ್ತು ನಾನು ಏನಂದೆ, ನಿಮ್ಮನ್ನು ಸುಳ್ಳು ಹೇಳಿಸುವಂಥದ್ದು ಏನಿತ್ತು ಎಂದು ಕೇಳಿದ.

ಹೇಳಿಬಿಡಬಹುದಿತ್ತು. ಮನೆಗೆ ಕರೆದೊಯ್ದು ಮೇಜಿನ ಬಟ್ಟೆ ಸರಿಸಿದ್ದರೂ ಸಾಕಿತ್ತು. ಆದರೆ ಆ ಹಾಸಿಗೆ, ಆ ಔಷಧಿ, ಎದ್ದೇಳಲಾಗದ ಆ ಮುದುಕ ಈಗ ಅವಳೊಬ್ಬಳ ಪಾಲಿಗೆ ಉಳಿದಿದ್ದ. ಎದುರು ನಿಂತವನ ಮೇಲೆ ಅದನ್ನು ಹೊರಿಸಲು ಮನಸ್ಸಾಗಲಿಲ್ಲ.

"ಈಗ ಹೇಳಲ್ಲ," ಎಂದಳು. "ನನ್ನ ತಲೆ ನರೆತ ಮೇಲೆ ಹೇಳ್ತೀನಿ."

ಅಷ್ಟು ವರ್ಷ ಕಾಯಬೇಕೇ ಎಂದು ಅವನು ಲೆಕ್ಕ ಹಾಕುವಂತೆ ಅವಳ ಮುಖ ನೋಡಿದ. ಕೈ ಚಾಚಿ ಅವಳ ಕಿವಿಯ ಬಳಿ ಒಂದು ಎಳೆಯನ್ನು ಬೆರಳ ತುದಿಯಿಂದ ಬೇರ್ಪಡಿಸಿದ.

"ಒಂದು ಆಗಲೇ ಬಂದಿದೆ."

ಅವಳು ಹೆದರಿಕೆಯನ್ನು ನುಂಗಿಕೊಂಡು ನಕ್ಕಳು.

"ಒಂದು ಸಾಲಲ್ಲ. ಎಲ್ಲ ಬರಲಿ."

ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ.